ಕೆಂಪು ಮುಚ್ಚಳ ಮೇಲಕ್ಕೆ

ನಮ್ಮತ್ತೆಯ ಹತ್ತಿರ ಏನು ಬೇಕಾದರೂ ಮಾಡಿ ದಕ್ಕಿಸಿಕೊಳ್ಳಬಹುದು, ಬಾಟಲಿಯನ್ನು ತಲೆಕೆಳಗೆ ನಿಲ್ಲಿಸಿ ಮಾತ್ರ ದಕ್ಕಿಸಿಕೊಳ್ಳಲಾಗದು. ಶಾಂಪೂ ಮುಗಿಯುತ್ತ ಬಂದಾಗ ಬಾಟಲಿಯನ್ನು ಬೋರಲು ನಿಲ್ಲಿಸುವುದು ಎಲ್ಲ ಮನೆಗಳಲ್ಲೂ ಇರುವ ರೂಢಿ. ನಾನೂ ನಿಲ್ಲಿಸುತ್ತಿದ್ದೆ. ಅತ್ತೆ ಸ್ನಾನ ಮುಗಿಸಿ ಬಂದ ಮೇಲೆ ಹೋಗಿ ನೋಡಿದರೆ ಅದು ನೆಟ್ಟಗೆ ನಿಂತಿರುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮಿಬ್ಬರ ಜಗಳವೆಲ್ಲ ಬಾಯಿ ಬಿಡದೆ ಆ ಬಾಟಲಿಯ ಮೂಲಕವೇ ನಡೆಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮ ಬಚ್ಚಲಲ್ಲಿ ಇಬ್ಬರ ಕಾಲವೂ ದಿನಕ್ಕೊಂದು ಸಲ ಬಂದು ಹೋಗುತ್ತಿತ್ತು.

ಇದೇನು ಹಟ ಎಂದು ತಿಳಿದದ್ದು ಅತ್ತೆ ನಿವೃತ್ತರಾದ ಸಂಸ್ಥೆಯಲ್ಲೇ ನನಗೂ ಕೆಲಸ ಸಿಕ್ಕ ಮೇಲೆ. ಅಲ್ಲಿ ಅವರಿಗೆ ‘ಉಲ್ಟಾ ಮೇಡಂ’ ಎಂದು ಹೆಸರು. ನಾನು ಅವರ ಸೊಸೆ ಎಂದು ಗೊತ್ತಿಲ್ಲದೆ ಒಬ್ಬ ಸಹೋದ್ಯೋಗಿ ಟೀ ಕುಡಿಯುತ್ತ ಆ ಕಥೆಯನ್ನು ಹಲ್ಲು ಕಿರಿದು ಹೇಳಿದ. ನಾನು ಅವನ ಟೀ ಲೋಟವನ್ನು ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದೆ. ನನ್ನ ಸಿಟ್ಟು ಮೊದಲಿನಿಂದಲೂ ಹೀಗೇ, ಕೈಗೆ ಮೊದಲು ಬರುತ್ತದೆ, ಬಾಯಿಗೆ ಆಮೇಲೆ.

ನಮ್ಮದು ಕೆಸರಿನ ಕೆಲಸ. ಒಣಗಿದ ಸರೋವರಗಳ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಒಳಗೆ ಸಿಕ್ಕಿದ ಮಣ್ಣನ್ನು ಕದಡದಂತೆ ಮೇಲೆತ್ತುತ್ತೇವೆ. ಅಡಿಯಲ್ಲಿರುವುದು ಹಳೆಯ ಕಾಲ, ಮೇಲಿರುವುದು ಇತ್ತೀಚಿನ ಕಾಲ. ಆ ಮಣ್ಣಿನಲ್ಲಿ ಪರಾಗ, ಮೀನಿನ ಮುಳ್ಳು, ಉಪ್ಪು, ಮರಳು ಹೇಗೆ ಕೂತಿವೆ ಎಂದು ನೋಡಿ ಆ ಊರು ಯಾವಾಗ ಹಸಿರಾಗಿತ್ತು, ಹೇಗೆ ಒಣಗಿತು ಎಂದು ಹೇಳುತ್ತೇವೆ. ಕೊಳವೆ ಹೊರಗೆ ಬಂದ ತಕ್ಷಣ ಮೇಲಿನ ತುದಿಗೆ ಕೆಂಪು ಮುಚ್ಚಳ, ಕೆಳಗಿನ ತುದಿಗೆ ಕಪ್ಪು ಮುಚ್ಚಳ ಹಾಕಬೇಕು. ನಮ್ಮಲ್ಲಿ ಬೇರೆ ಯಾವ ನಿಯಮ ಮುರಿದರೂ ಬೈಗುಳದಲ್ಲಿ ಮುಗಿಯುತ್ತದೆ. ಇದೊಂದು ತಪ್ಪಿದರೆ ಮೊಮ್ಮಗಳು ಅಜ್ಜಿಗಿಂತ ಮೊದಲು ಹುಟ್ಟಿಬಿಡುತ್ತಾಳೆ.

ಅತ್ತೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದೊಡ್ಡ ಮರುಭೂಮಿಯ ನಡುವೆ, ಹಿಂದೊಮ್ಮೆ ಸರೋವರವಾಗಿದ್ದ ಜಾಗದಲ್ಲಿ, ತಂಡವೊಂದು ಮೂರು ಕೊಳವೆಗಳಷ್ಟು ಆಳ ಕೊರೆಯಿತು. ತಂಡದ ಮುಖ್ಯಸ್ಥರನ್ನು ಎಲ್ಲರೂ ಇವತ್ತಿಗೂ ‘ದೊಡ್ಡ ಸರ್’ ಎನ್ನುತ್ತಾರೆ. ತಳದ ಕೊಳವೆಯಲ್ಲಿ ಬರೀ ಕಪ್ಪು ಕೆಸರು, ಅಂದರೆ ನೀರು ತುಂಬಿದ ಕಾಲ. ಮೇಲಿನ ಕೊಳವೆಯಲ್ಲಿ ಬರೀ ಮರಳು. ನಡುವಿನ ಕೊಳವೆಯೇ ಮುಖ್ಯ, ಹಸಿರು ಮರಳಾದ ಕಥೆಯೆಲ್ಲ ಅದರೊಳಗಿತ್ತು. ಅದು ಹೊರಗೆ ಬರುತ್ತಿದ್ದಂತೆ ದೊಡ್ಡ ಸರ್‌ಗೆ ಫೋಟೋ ತೆಗೆಸಿಕೊಳ್ಳುವ ಹುಮ್ಮಸ್ಸು ಬಂತು. ಮುಚ್ಚಳ ಹಾಕುವ ಮೊದಲೇ ಕೊಳವೆಯನ್ನು ತಬ್ಬಿಕೊಂಡರು. ಬಿಸಿಲು ಅಡ್ಡ ಬರುತ್ತದೆ, ಆ ಕಡೆ ತಿರುಗಿ ಎಂದ ಫೋಟೋದವನು. ಇವರು ತಿರುಗಿದರು. ಕೊಳವೆಯನ್ನು ಹೀಗೆ ಓರೆಯಾಗಿ ಹಿಡಿಯಿರಿ ಎಂದ. ಹಿಡಿದರು. ಹಾಗೆ ಹಿಡಿದು ಹೀಗೆ ಹಿಡಿದು, ಕೊನೆಗೆ ನಗುತ್ತ ಮೇಲೆ ಬಂದ ತುದಿಗೆ ಕೆಂಪು ಮುಚ್ಚಳ ಒತ್ತಿದರು.

ಅತ್ತೆ ಪಕ್ಕದಲ್ಲೇ ಕಪ್ಪು ಮುಚ್ಚಳ ಹಿಡಿದು ನಿಂತಿದ್ದರು. “ಸರ್, ಅದು ಉಲ್ಟಾ ಆಯ್ತು” ಎಂದರು.

“ನೀನು ಹೊಸಬಳು. ಬಿಸಿಲಿಗೆ ತಲೆ ತಿರುಗಿರಬೇಕು, ಹೋಗಿ ನೆರಳಲ್ಲಿ ಕೂತ್ಕೋ” ಎಂದರು ದೊಡ್ಡ ಸರ್.

ಆ ಕೊಳವೆ ಅವರನ್ನು ಜಗತ್ತಿಗೇ ಹೆಸರುವಾಸಿ ಮಾಡಿತು. ಕೆಂಪು ಮುಚ್ಚಳ ನಂಬಿ ಓದಿದರೆ ಕಥೆ ಹೀಗಿತ್ತು: ತುಂಬಿದ ಸರೋವರ ಇದ್ದಕ್ಕಿದ್ದಂತೆ ಮರಳಾಯಿತು, ಮತ್ತೆ ನಿಧಾನವಾಗಿ ನೀರು ಬಂತು, ಮತ್ತೆ ಇದ್ದಕ್ಕಿದ್ದಂತೆ ಸತ್ತಿತು. ‘ಎರಡು ಸಾವಿನ ಸರೋವರ’. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಮಣ್ಣಿನ ವಯಸ್ಸು ಅಳೆದಾಗ ಉತ್ತರಗಳು ಅಡ್ಡಾದಿಡ್ಡಿ ಬಂದವು, ಕೆಸರು ಕಲಕಿರಬೇಕು ಎಂದು ತೇಲಿಸಿಬಿಟ್ಟರು. ಮತ್ತೊಮ್ಮೆ ಹೋಗಿ ಕೊರೆಯೋಣ ಎಂದು ಅತ್ತೆ ಅಂಗಲಾಚಿದರು. ಅಷ್ಟರಲ್ಲಿ ಆ ಜಾಗದ ಮೇಲೆ ಒಂದು ಮರಳಿನ ಗುಡ್ಡವೇ ಬಂದು ಕೂತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಮುಂದೆ ನಾಲ್ಕನೇ ಕಾಲನ್ನು ಎಲ್ಲಿಂದ ತರುವುದು? ಅತ್ತೆ ಪ್ರತಿ ಸಭೆಯಲ್ಲೂ ಎದ್ದು ನಿಂತು “ಆ ಕೊಳವೆ ಉಲ್ಟಾ ಇದೆ” ಎಂದರು. ಉಳಿದವರು ಮೊದಮೊದಲು ವಾದ ಮಾಡಿದರು, ಆಮೇಲೆ ನಕ್ಕರು, ಕೊನೆಗೆ ಹೆಸರಿಟ್ಟರು. ಆ ಹೆಸರಿನಲ್ಲೇ ಅವರಿಗೆ ಹಾರ ಹಾಕಿ ಮನೆಗೆ ಕಳಿಸಿದರು.

ಇಷ್ಟು ತಿಳಿದ ದಿನ ನಾನು ಮನೆಗೆ ಬಂದು ಶಾಂಪೂ ಬಾಟಲಿಯನ್ನು ನಾನೇ ನೆಟ್ಟಗೆ ನಿಲ್ಲಿಸಿದೆ. ಅವತ್ತಿನಿಂದ ಅವರೆಂದರೆ ನನಗೆ ಜೀವ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ನಮ್ಮ ಸಂಸ್ಥೆಯ ನಿರ್ದೇಶಕರಿಗೆ ಮುಂಬಾಗಿಲ ಹಜಾರದಲ್ಲಿ ಆ ಮೂರೂ ಕೊಳವೆಗಳನ್ನು ಒಂದರ ಮೇಲೊಂದು ನಿಲ್ಲಿಸಿ ಪ್ರದರ್ಶನಕ್ಕಿಡಬೇಕೆಂಬ ಆಸೆ ಹುಟ್ಟಿತು. ಕೊಳವೆಗಳನ್ನು ಉದ್ದಕ್ಕೆ ಸೀಳಿ ಒಂದು ಅರ್ಧವನ್ನು ಆಗಲೇ ಪರೀಕ್ಷೆಗೆಂದು ಪುಡಿ ಮಾಡಿ ಮುಗಿಸಿದ್ದರು. ಮುಟ್ಟದೆ ಉಳಿಸಿದ್ದು ಇನ್ನೊಂದು ಅರ್ಧ ಮಾತ್ರ. ಅದಕ್ಕೂ ಅದೇ ಕೆಂಪು, ಅದೇ ಕಪ್ಪು ಮುಚ್ಚಳ. ಅದರ ಸುತ್ತ ಗಾಜಿನಂಥ ಅಂಟು ಸುರಿಯುವುದೆಂದು ತೀರ್ಮಾನವಾಯಿತು. ಆ ಅಂಟು ಮಣ್ಣಿನೊಳಕ್ಕೆ ಇಳಿದು ಗಟ್ಟಿಯಾದರೆ ಮುಗಿಯಿತು, ಮತ್ತೆ ಯಾರೂ ಯಾವ ಪರೀಕ್ಷೆಯನ್ನೂ ಮಾಡುವಂತಿಲ್ಲ. ಕೆಳಗೆ ‘ಎರಡು ಸಾವಿನ ಸರೋವರ’ ಎಂಬ ಫಲಕ. ಅಂಟು ಸುರಿಯುವ ಗೌರವ ದೊಡ್ಡ ಸರ್ ಅವರದು. ಅತ್ತೆಗೂ ಆಹ್ವಾನ ಬಂತು, ಮೂರನೇ ಸಾಲಿನಲ್ಲಿ ಕುರ್ಚಿ.

“ನಾನು ಹೋಗಲ್ಲ” ಎಂದರು ಅತ್ತೆ. ಆಹ್ವಾನವನ್ನು ಮಡಚಿಟ್ಟು, “ನಾನು ಸತ್ತ ಮೇಲೂ ಅದು ಅಲ್ಲೇ ತಲೆಕೆಳಗಾಗಿ ನಿಂತಿರುತ್ತಲ್ಲ, ಅದೇ ಸಂಕಟ” ಎಂದರು.

ನಾನು ನಿರ್ದೇಶಕರ ಕೋಣೆಗೆ ಹೋಗಿ ಕೂಗಾಡಿದೆ. ಅವರು ಒಳ್ಳೆಯವರೇ, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. “ಅಮ್ಮಾ, ಅಭಿಪ್ರಾಯ ಎಲ್ಲರಿಗೂ ಇರುತ್ತೆ. ಸಾಕ್ಷಿ ತಗೊಂಡು ಬಾ. ಆದ್ರೆ ಆ ಅರ್ಧಾನ ಕೊಯ್ಯೋ ಹಾಗಿಲ್ಲ, ಕೆರೆಯೋ ಹಾಗಿಲ್ಲ” ಎಂದರು. ಮುಟ್ಟದೆ ಸಾಕ್ಷಿ ತರುವುದು ಹೇಗೆ? ಮೇಲ್ಮೈ ನೋಡೋಣವೆಂದರೆ ಅದು ಒಣಗಿ, ಸುರುಟಿ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣಕ್ಕೆ ಬಂದಿತ್ತು.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಮಣಿಕಟ್ಟು ಉಳುಕಿತ್ತು, ಅಷ್ಟೇ. ನನ್ನ ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ಅಮ್ಮನ ಕೈಯ ಚಿತ್ರವನ್ನು ತಾವೇ ತೆಗೆದು, ಪಟ್ಟಿ ಹಾಕಿಸಿ ಕರೆದುಕೊಂಡು ಬಂದರು. ನಾನು ಆ ಎಕ್ಸ್‌ರೇ ಹಾಳೆಯನ್ನು ಅಡುಗೆಮನೆ ಕಿಟಕಿಗೆ ಒತ್ತಿ ಹಿಡಿದು ನೋಡುತ್ತಿದ್ದೆ.

“ತಲೆಕೆಳಗೆ ಹಿಡ್ಕೊಂಡಿದೀಯಲ್ಲೇ” ಎಂದರು ಇವರು, ತಟ್ಟೆ ತೊಳೆಯುತ್ತ, ತಿರುಗಿಯೂ ಸರಿಯಾಗಿ ನೋಡದೆ.

“ಅಷ್ಟು ದೂರದಿಂದ ಹೇಗ್ರೀ ಗೊತ್ತಾಯ್ತು?”

“ಕವಲು ನೋಡಿದ್ರೆ ಗೊತ್ತಾಗಲ್ವಾ? ತೋಳಲ್ಲಿ ಎರಡು ಮೂಳೆ, ಆಮೇಲೆ ಐದು ಬೆರಳು. ಕವಲು ಯಾವ ಕಡೆಗೆ ಹೆಚ್ಚಾಗುತ್ತೋ ಆ ಕಡೆ ಬೆರಳು. ಇದಕ್ಕೇನು ಓದ್ಬೇಕಾ?”

“ಅತ್ತೆ!” ಎಂದು ಕಿರುಚಿದೆ. ಪಾಪ, ಅವರು ಮತ್ತೊಮ್ಮೆ ಬೀಳುವುದರಲ್ಲಿದ್ದರು. “ಅತ್ತೆ, ನೀರು ಕಮ್ಮಿಯಾದಾಗ ಅಂಚಲ್ಲಿ ಏನು ಬೆಳೆಯುತ್ತೆ?”

“ಜೊಂಡು” ಎಂದರು ಅತ್ತೆ. ಹೇಳಿದವರು ಹಾಗೇ ಬಾಯಿ ತೆರೆದುಕೊಂಡು ನಿಂತರು. ಬೇರು! ಜೊಂಡು ಕೊಳೆತರೂ ಬೇರು ಹೋದ ದಾರಿಯಲ್ಲಿ ಸುಣ್ಣ ತುಂಬಿಕೊಂಡು ಗಟ್ಟಿಯಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಎಕ್ಸ್‌ರೇಗೆ ಮೂಳೆಯ ಹಾಗೆ ಕಾಣಬೇಕು. ಒಂದು ಬೇರು ನಾಲ್ಕಾಗುವುದು, ನಾಲ್ಕು ಹತ್ತಾಗುವುದು ಯಾವಾಗಲೂ ಕೆಳಗಡೆಗೇ. ಲೋಕದಲ್ಲಿ ಯಾವ ಜೊಂಡೂ ಆಕಾಶಕ್ಕೆ ಬೇರು ಬಿಡುವುದಿಲ್ಲ.

ನಿರ್ದೇಶಕರು ಒಪ್ಪಿದರು. ಕೊಯ್ಯುವುದಿಲ್ಲ, ಕೆರೆಯುವುದಿಲ್ಲ, ಬರೀ ನೋಡುವುದು ತಾನೇ? “ಆದ್ರೆ ನಾಳೆ ಕಾರ್ಯಕ್ರಮ ನಿಲ್ಲಲ್ಲ” ಎಂದರು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಡಾಕ್ಟರಮ್ಮನಂತೂ ಕುಣಿದಾಡಿದರು. “ಮಧ್ಯಾಹ್ನ ಊಟದ ಹೊತ್ತಲ್ಲಿ ತನ್ನಿ. ಇದೊಂದಾದ್ರೂ ಅಲ್ಲಾಡದೆ ಮಲಗುತ್ತೆ” ಎಂದರು.

ಹಳೆಯ ಮಣ್ಣು, ಅಲುಗಿದರೆ ಬಿರುಕು. ಆದ್ದರಿಂದ ನಡುವಿನ ಕೊಳವೆಯನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಸುತ್ತ ದಿಂಬು ಕೊಟ್ಟು, ಮೇಲೆ ಬಿಳಿ ಹೊದಿಕೆ ಹೊದಿಸಿದೆವು. ಮುಂದೆ ನನ್ನ ಗಂಡ, ಹಿಂದೆ ನಾನು, ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಗಂಭೀರವಾಗಿ ನಡೆಯುತ್ತಿರುವ ಅತ್ತೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ಎದ್ದು ದಾರಿ ಬಿಟ್ಟರು. ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದರು, “ಯಾರಮ್ಮಾ?”

“ನಮ್ಮತ್ತೆಗೆ ಬೇಕಾದವರು.”

“ತುಂಬಾ ವಯಸ್ಸಾಗಿತ್ತಾ?”

“ತುಂಬಾನೇ, ಅಜ್ಜಿ.”

“ಏನಾಗಿತ್ತು?”

“ಅದನ್ನ ನೋಡೋಕೇ ಕರ್ಕೊಂಡು ಹೋಗ್ತಿದೀವಿ” ಎಂದೆ. ಅಜ್ಜಿ ಕಣ್ಣೊರೆಸಿಕೊಂಡರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದು ದುಃಖಕ್ಕೆ ಎಂದೇ ಎಲ್ಲರೂ ತಿಳಿದರು.

ಕೋಣೆಯೊಳಗೆ ನಗು ನಿಂತಿತು. ಕೆಂಪು ಮುಚ್ಚಳದ ತುದಿ ಪರದೆಯ ಮೇಲ್ಗಡೆಗೆ ಬರುವಂತೆ ಇಟ್ಟರು. ಯಂತ್ರ ಗುಂಯ್ ಎಂದಿತು. ಪರದೆಯ ಮೇಲೆ ಮೊದಲು ಬೂದು ಬಣ್ಣ, ಅಲ್ಲಲ್ಲಿ ಮರಳಿನ ಚುಕ್ಕೆ. ಕೊಳವೆಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಮತ್ತೆ ಮತ್ತೆ ತೆಗೆದರು. ಏನೂ ಇಲ್ಲ. ಬೆಟ್ಟ ಅಗೆದು ಇಲಿಯನ್ನೂ ಹಿಡಿಯಲಿಲ್ಲವಲ್ಲ ಎಂದುಕೊಂಡೆ. ಆಗ, ನಡುವಿಗಿಂತ ತುಸು ಮುಂದೆ, ಒಂದು ಬಿಳಿ ಗೆರೆ ಕಾಣಿಸಿತು. ಬೆರಳಿನ ದಪ್ಪ. ಅದು ಎರಡಾಯಿತು, ಎರಡು ಐದಾಯಿತು, ಐದು ಕೂದಲಿನಂಥ ಎಳೆಗಳಾಗಿ ಹರಡಿತು. ಎಲ್ಲವೂ ನೆಟ್ಟಗೆ ಕೆಂಪು ಮುಚ್ಚಳದ ಕಡೆಗೆ, ಆಕಾಶದ ಕಡೆಗೆ.

ಅತ್ತೆ ಪರದೆಯ ಹತ್ತಿರ ಹೋಗಿ ಪಟ್ಟಿ ಕಟ್ಟಿದ ಕೈಯಿಂದಲೇ ಆ ಗೆರೆಯನ್ನು ಮುಟ್ಟಿದರು. “ಅಯ್ಯೋ ನನ್ನವ್ವಾ, ಇಷ್ಟು ದಿನ ಎಲ್ಲಿದ್ದೆ?” ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಅತ್ತುಬಿಟ್ಟೆ, ನನ್ನ ಗಂಡನೂ ಅತ್ತರು, ಡಾಕ್ಟರಮ್ಮ ಊಟಕ್ಕೆ ಹೋಗುವುದನ್ನೇ ಮರೆತರು.

ಮಾರನೇ ದಿನ ಹಜಾರ ತುಂಬಿತ್ತು. ಅಂಟಿನ ಡಬ್ಬಗಳನ್ನು ತೆರೆದು ಕಲಸಲು ಸಿದ್ಧ ಮಾಡಿ ಇಟ್ಟಿದ್ದರು, ಅದರ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ದೊಡ್ಡ ಸರ್ ಊರುಗೋಲು ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದರು. ವಿಷಯ ತಿಳಿದ ನಿರ್ದೇಶಕರು ಬೆಳಗ್ಗೆಯಿಂದ ಕರವಸ್ತ್ರದಲ್ಲಿ ಹಣೆ ಒರೆಸಿಕೊಳ್ಳುತ್ತಲೇ ಇದ್ದರು. “ಅವರಿಗೆ ಹೇಳೋದ್ಯಾರು?” ಎಂದು ಕೇಳಿದರು. “ಬೆಕ್ಕಿಗೆ ಗಂಟೆ ನಾನು ಕಟ್ತೀನಿ, ನೀವು ಐದು ನಿಮಿಷ ಕೊಡಿ” ಎಂದೆ.

ವೇದಿಕೆ ಹತ್ತಿ ಮೊದಲು ಅತ್ತೆಯ ಕೈಯ ಚಿತ್ರ ಹಾಕಿದೆ, ಬೇಕೆಂದೇ ತಲೆಕೆಳಗೆ. ಸಭೆಯಲ್ಲಿ ಗುಸುಗುಸು ಎದ್ದಿತು. “ಉಲ್ಟಾ ಇದೆ!” ಎಂದು ಹಿಂದಿನಿಂದ ಯಾರೋ ಕೂಗಿದರು, ಎಲ್ಲರೂ ನಕ್ಕರು. ಹೆಸರು ನೆನಪಾಗಿ ಇನ್ನೊಂದಿಷ್ಟು ಜನ ನಕ್ಕರು.

“ಹೇಗೆ ಗೊತ್ತಾಯ್ತು?” ಎಂದು ಕೇಳಿದೆ.

“ಬೆರಳು ಕೆಳಗಿದೆಯಲ್ಲ!”

“ಸರಿ. ಈಗ ಇದನ್ನ ನೋಡಿ. ಕೆಂಪು ಮುಚ್ಚಳ ಮೇಲಿದೆ.” ಕೊಳವೆಯ ಚಿತ್ರ ಹಾಕಿದೆ. “ಇದು ಜೊಂಡಿನ ಬೇರು.”

ನಗು ಒಂದೊಂದೇ ಸಾಲಿನಲ್ಲಿ ಆರಿಹೋಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ನನಗೆ ಟೀ ಕುಡಿಯುತ್ತ ಕಥೆ ಹೇಳಿದವನು ತನ್ನ ಬೂಟನ್ನೇ ನೋಡುತ್ತ ಕೂತಿದ್ದ. ಅದನ್ನು ನೋಡಿ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು, ಸುಳ್ಳು ಯಾಕೆ ಹೇಳಲಿ.

ದೊಡ್ಡ ಸರ್ ಎದ್ದರು. ಊರುಗೋಲು ಊರುತ್ತ ಪರದೆಯ ಬಳಿಗೆ ಬಂದು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಕಲಕಿಹೋಗಿದೆ ಎನ್ನುತ್ತಾರೆ, ಸುಣ್ಣದ ಬಿರುಕು ಎನ್ನುತ್ತಾರೆ ಎಂದು ಎಲ್ಲದಕ್ಕೂ ಉತ್ತರ ಕಟ್ಟಿಕೊಂಡು ನಾನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆ. ಅವರು ಅದ್ಯಾವುದನ್ನೂ ಹೇಳಲಿಲ್ಲ. “ಆ ಹುಡುಗಿ ಎಲ್ಲಿ?” ಎಂದರು.

ಮೂರನೇ ಸಾಲಿನಿಂದ ನಮ್ಮತ್ತೆ, ತಲೆಯೆಲ್ಲ ನರೆತ ಹುಡುಗಿ, ಎದ್ದು ನಿಂತರು. “ಇಲ್ಲೇ ಇದೀನಿ ಸರ್.”

“ನೀವು ಅವತ್ತೇ ಹೇಳಿದ್ರಿ.”

“ಹೇಳಿದ್ದೆ.”

“ಹಾಗಾದ್ರೆ ಈಗ ನೀವೇ ಓದಿ. ಸರಿಯಾದ ಕಡೆಯಿಂದ.”

ಅತ್ತೆ ಮೇಲೆ ಬಂದರು. ನಾನು ಚಿತ್ರವನ್ನು ತಿರುಗಿಸಿದೆ. ಬೇರುಗಳು ನೆಲಕ್ಕಿಳಿದವು. ಅವರು ಮೈಕು ಬೇಡವೆಂದು ಸರಿಸಿ, ತಳದಿಂದ ಬೆರಳಿಟ್ಟು ಶುರು ಮಾಡಿದರು.

“ಇಲ್ಲಿ ಕಪ್ಪು ಕೆಸರು. ಆಳ ನೀರು, ಮೀನು, ಸುತ್ತ ಕಾಡು. ಸ್ವಲ್ಪ ಮೇಲೆ ಬನ್ನಿ. ಮರದ ಪರಾಗ ಕಮ್ಮಿಯಾಯ್ತು, ಹುಲ್ಲಿಂದು ಜಾಸ್ತಿಯಾಯ್ತು. ಅಲ್ಲಿದ್ದವರಿಗೆ ಏನೂ ಅನ್ನಿಸಿರಲ್ಲ, ಹುಲ್ಲೂ ಹಸಿರೇ ಅಲ್ವಾ? ಇನ್ನೂ ಮೇಲೆ ಬನ್ನಿ. ನೀರು ಹಿಂದೆ ಸರಿದು ಅಂಚಲ್ಲಿದ್ದ ಜೊಂಡು ನಡುವಿಗೆ ಬಂತು. ಆಮೇಲೆ ಉಪ್ಪು. ಆಮೇಲೆ ಮರಳು. ಎರಡು ಸಾವು ಅಲ್ಲ, ಒಂದೇ. ಅದೂ ತುಂಬಾ ನಿಧಾನ. ಅಜ್ಜಿ ಈಜಿದ ಜಾಗದಲ್ಲಿ ಮೊಮ್ಮಗಳು ಜೊಂಡು ಕೊಯ್ದಳು. ಅವಳ ಮೊಮ್ಮಗಳು ಅಲ್ಲೇ ಉಪ್ಪು ಕೆರೆದಳು. ಅವಳ ಮೊಮ್ಮಗಳು ಮರಳಲ್ಲಿ ನಡೆದು ಬೇರೆ ಕಡೆ ಹೋದಳು. ಪ್ರತಿಯೊಬ್ಬಳಿಗೂ ತಾನು ಹುಟ್ಟಿದಾಗ ಊರು ಹೇಗಿತ್ತೋ ಅದೇ ಸರಿ ಅನ್ನಿಸಿತ್ತು.”

ಅತ್ತೆ ಬೆರಳನ್ನು ಮತ್ತೆ ಜೊಂಡಿನ ಬೇರಿನ ಮೇಲಿಟ್ಟರು.

“ಒಂದೇ ಏಟಿಗೆ ಸತ್ತಿದ್ರೆ ಯಾರೂ ಏನೂ ಮಾಡೋಕೆ ಆಗ್ತಿರಲಿಲ್ಲ” ಎಂದರು ಅತ್ತೆ. “ಇದು ಹಾಗಲ್ಲ. ಟೈಮ್ ಇತ್ತು. ಒಣಗ್ತಿದೆ, ಒಣಗ್ತಿದೆ ಅಂತ ಯಾವಳೋ ಒಬ್ಬಳು ಹೇಳೇ ಇರ್ತಾಳೆ.”

“ಬಿಸಿಲಿಗೆ ತಲೆ ತಿರುಗಿದೆ, ನೆರಳಲ್ಲಿ ಕೂತ್ಕೋ ಅಂದಿರ್ತಾರೆ” ಎಂದರು ದೊಡ್ಡ ಸರ್.

ಅತ್ತೆ ಅವರ ಮುಖ ನೋಡಿದರು. ನೋಡಿ, ನಿಧಾನವಾಗಿ ನಕ್ಕರು. ಆ ನಗುವಿನ ಜೊತೆಗೇ ಚಪ್ಪಾಳೆ ಶುರುವಾಯಿತು. ಯಾರೋ ಎದ್ದರು, ಆಮೇಲೆ ಎಲ್ಲರೂ ಎದ್ದರು. ನಿರ್ದೇಶಕರು ತಾವೇ ಸ್ಕ್ರೂ ಬಿಚ್ಚಿ ಆ ಫಲಕವನ್ನು ಗೋಡೆಯಿಂದ ಇಳಿಸಿದರು. ಹಣೆಯಲ್ಲಿ ಬೆವರು ಇರಲಿಲ್ಲ, ಮನುಷ್ಯ ನಿಜಕ್ಕೂ ಖುಷಿಯಾಗಿದ್ದರು.

ದೊಡ್ಡ ಸರ್ ಕೊಳವೆಯ ಎರಡೂ ಮುಚ್ಚಳಗಳನ್ನು ಬಿಚ್ಚಿ, ಕಪ್ಪನ್ನು ತಾವು ಇಟ್ಟುಕೊಂಡು ಕೆಂಪನ್ನು ಅತ್ತೆಯ ಕೈಗೆ ಕೊಟ್ಟರು. “ಅವತ್ತು ಕಪ್ಪು ನಿಮ್ಮ ಕೈಲಿತ್ತು, ಇವತ್ತು ನನ್ನ ಕೈಲಿರಲಿ” ಎಂದರು. ಕೊಳವೆಯನ್ನು ನಾನೂ ನನ್ನ ಗಂಡನೂ ಹಿಡಿದು ಸರಿಯಾಗಿ ನಿಲ್ಲಿಸಿದೆವು. ಅತ್ತೆ ಒಂದೇ ಕೈಯಲ್ಲಿ ಕೆಂಪು ಮುಚ್ಚಳವನ್ನು ಮೇಲಿಟ್ಟು ಒತ್ತಿದರು. ಟಪ್ ಎಂದು ಕೂತಿತು.

ಅಷ್ಟರಲ್ಲಿ ಕಾರ್ಯಕ್ರಮಕ್ಕೆ ಬಂದಿದ್ದ ಫೋಟೋಗ್ರಾಫರ್ ಓಡಿ ಬಂದ. “ಮೇಡಂ, ಲೈಟ್ ಅಡ್ಡ ಬರ್ತಿದೆ. ಆ ಕೊಳವೆ ಸ್ವಲ್ಪ ಈ ಕಡೆ ತಿರುಗಿಸ್ತೀರಾ?”

“ತಿರುಗಿಸಬೇಡಿ!” ಎಂದು ದೊಡ್ಡ ಸರ್ ಗುಡುಗಿದರು. ಆ ವಯಸ್ಸಿನಲ್ಲಿ ಅಷ್ಟು ದನಿ ಎಲ್ಲಿಂದ ಬಂತೋ, ಊರುಗೋಲನ್ನು ಎತ್ತಿ ಅವನತ್ತ ತೋರಿಸಿದರು. “ನೀನು ತಿರುಗಯ್ಯಾ! ಅದು ತಿರುಗಲ್ಲ!”

ಇಡೀ ಹಜಾರ ಬಿದ್ದು ಬಿದ್ದು ನಕ್ಕಿತು. ಫೋಟೋಗ್ರಾಫರ್ ಕುರ್ಚಿ ಹತ್ತಿ, ಗೋಡೆಗೆ ಅಂಟಿಕೊಂಡು, ಹೇಗೋ ತೆಗೆದ. ಆ ಚಿತ್ರದಲ್ಲಿ ಅತ್ತೆಯ ಅರ್ಧ ಮುಖಕ್ಕೆ ಬೆಳಕು ಬಿದ್ದು ಬಿಳಿಚಿಕೊಂಡಿದೆ, ದೊಡ್ಡ ಸರ್ ಕಣ್ಣು ಮುಚ್ಚಿದ್ದಾರೆ, ನಾನು ಬಾಯಿ ತೆರೆದು ನಗುತ್ತಿದ್ದೇನೆ. ಕೊಳವೆ ಮಾತ್ರ ಸರಿಯಾಗಿದೆ. ಅಂಟು ಸುರಿಯುವುದನ್ನು ಅವತ್ತು ಕೈಬಿಟ್ಟರು, ಇನ್ನೂ ಓದುವುದು ಬಹಳ ಇದೆ ಎಂದು ಅತ್ತೆಯೇ ತಡೆದರು. ಈಗ ವಾರಕ್ಕೆರಡು ದಿನ ಲ್ಯಾಬಿಗೆ ಬಂದು ನನ್ನ ತಲೆ ಮೇಲೆ ಕೂತು ಕೆಲಸ ಮಾಡಿಸುತ್ತಾರೆ.

ಕಾರ್ಯಕ್ರಮದ ಮರುದಿನ ಬೆಳಗ್ಗೆ ಅತ್ತೆ ಸ್ನಾನ ಮಾಡಿ ಬಂದ ಮೇಲೆ ನಾನು ಬಚ್ಚಲಿಗೆ ಹೋದೆ. ಶಾಂಪೂ ಮುಗಿಯುತ್ತ ಬಂದಿತ್ತು. ಬಾಟಲಿಯನ್ನು ಯಾರೋ ಬೋರಲು ನಿಲ್ಲಿಸಿದ್ದರು.